ವರ್ಷಕ್ಕೊಂದು ಸಮಿತಿ, ಮನೆಯಿಂದ ಮನೆಗೆ ಹೋಗುವ ಸೂಟ್‌ಕೇಸ್

ಮಳೆ ಶುರುವಾದ ಮೊದಲ ವಾರ. ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್‌ಗಳ ಒಂದು ತರಬೇತಿ ಮುಗಿದಿತ್ತು. ಚಹಾ, ಗೋಳಿಬಜೆಗೆ ಸಾಲು ನಿಂತಿದ್ದೆವು. ನನ್ನ ಹಿಂದೆ ನಿಂತಿದ್ದ ಹುಡುಗಿ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಅವಳು ಕೇಳಿದಳು: "ಸರ್, ನಾನು ಹಣ ಕಟ್ಟಿ ಸಂಘದ ಮೆಂಬರ್ ಆಗಿದ್ದೇನೆ. ಮತ್ತೆ ಪುನಃ ಕೌನ್ಸಿಲ್‌ನಲ್ಲಿ ಯಾಕೆ ರಿಜಿಸ್ಟ್ರೇಷನ್? ಹಾಗಾದ್ರೆ ಸಂಘದ ಸಮಿತಿ ಇಡೀ ವರ್ಷ ಎಂತ ಮಾಡುವುದು?"

ವರ್ಷಗಟ್ಟಲೆ ಕ್ಲಿನಿಕ್ ನಡೆಸಿದವರೂ ಈಗ ಇದನ್ನೇ ಕೇಳುತ್ತಿದ್ದಾರೆ. ಸಂಘ ಯಾವುದು, ಕೌನ್ಸಿಲ್ ಯಾವುದು, ಯಾರ ಕೆಲಸ ಯಾವುದು ಎಂಬುದು ಅಷ್ಟು ಕಲಸಿಹೋಗಿದೆ. ಬಿಡಿಸಿ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಂಘ ನಾವೇ ಸೇರಿ ಕಟ್ಟಿಕೊಂಡದ್ದು. ದಾದಿಯರ ಅಖಿಲ ಭಾರತ ಸಂಘ ಶುರುವಾದದ್ದು 1908ರಲ್ಲಿ, ವೈದ್ಯರ ಐಎಂಎ 1928ರಲ್ಲಿ, ಫಿಸಿಯೋಥೆರಪಿಸ್ಟ್‌ಗಳ ಅಖಿಲ ಭಾರತ ಸಂಘ 1955ರಲ್ಲಿ. ಕೌನ್ಸಿಲ್ ಹಾಗಲ್ಲ, ಅದನ್ನು ಕಾನೂನು ಮಾಡುತ್ತದೆ. ವೃತ್ತಿ ಮಾಡಲು ಅದರ ಪಟ್ಟಿಯಲ್ಲಿ ಹೆಸರಿರಬೇಕು. ದೇಶಮಟ್ಟದಲ್ಲಿ ವೈದ್ಯರಿಗೆ ಈ ಕಾನೂನು 1933ರಲ್ಲೇ ಬಂತು. ದಾದಿಯರಿಗೆ 1947ರಲ್ಲಿ, ದಂತವೈದ್ಯರಿಗೂ ಫಾರ್ಮಾಸಿಸ್ಟ್‌ಗಳಿಗೂ 1948ರಲ್ಲಿ. ಫಿಸಿಯೋಥೆರಪಿಯವರಿಗೆ ಬಂದದ್ದು 2021ರಲ್ಲಿ.

ನಡುವಿನ ಎಪ್ಪತ್ತಕ್ಕೂ ಜಾಸ್ತಿ ವರ್ಷದ ಖಾಲಿ ಜಾಗದಲ್ಲೇ ಈ ಗೊಂದಲ ಹುಟ್ಟಿದ್ದು. ದೆಹಲಿ, ಮಹಾರಾಷ್ಟ್ರದಂಥ ಕೆಲವು ರಾಜ್ಯಗಳು ತಮ್ಮದೇ ಕೌನ್ಸಿಲ್ ಮಾಡಿಕೊಂಡವು. ಉಳಿದ ಕಡೆ ಸಂಘದ ಕಾರ್ಡೇ ಲೈಸೆನ್ಸಿನ ಹಾಗೆ ಓಡಾಡಿತು. ಗಲ್ಫ್‌ಗೆ ಹೊರಟವರು ಅರ್ಜಿಯಲ್ಲಿ ಬರೆಯಲು ಸಂಘದ ನಂಬರ್ ಕೇಳಿಕೊಂಡು ಬರುತ್ತಿದ್ದರು. ಇಲ್ಲದ ಅಧಿಕಾರವನ್ನು ಸಂಘ ಕೇಳಿ ಪಡೆದದ್ದಲ್ಲ. ಜನರೇ ಅದರ ಹೆಗಲಿಗೆ ಹಾಕಿದರು.

ಊರಿನ ಕಥೆಯೂ ಒಂದಿಷ್ಟು ಇದೆ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಆಮೇಲೆ 1960ರ ಸಂಘಗಳ ನೋಂದಣಿ ಕಾಯ್ದೆ ಬಂತು. ಕನಿಷ್ಠ 7 ಜನ ಸೇರಿದರೆ ಒಂದು ಸಂಘ. ಕ್ರೀಡಾ ಸಂಘಕ್ಕೂ ಯಕ್ಷಗಾನ ಸಂಘಕ್ಕೂ ನಮಗೂ ಅದೇ ಕಾಯ್ದೆ. 1997ರ ಆಗಸ್ಟ್‌ನಲ್ಲಿ ಉಡುಪಿ ಬೇರೆ ಜಿಲ್ಲೆಯಾದಾಗ ಮಂಗಳೂರು ಒಂದು ಕಡೆ, ಮಣಿಪಾಲ ಇನ್ನೊಂದು ಕಡೆ ಉಳಿಯಿತು. ಕಾಲೇಜುಗಳು, ಆಸ್ಪತ್ರೆಗಳು, ಸ್ನೇಹಗಳು ಎರಡೂ ಕಡೆ ಹರಡಿದ್ದವು.

ವರ್ಷಕ್ಕೊಮ್ಮೆ ಸಮಿತಿ ಬದಲಿಸುವ ಅಭ್ಯಾಸ ಎಲ್ಲಿಂದ ಬಂತು? ಕಾನೂನು ಕೇಳುವುದು ವರ್ಷಕ್ಕೊಂದು ಮಹಾಸಭೆ. ವರ್ಷಕ್ಕೊಬ್ಬ ಅಧ್ಯಕ್ಷ ಬೇಕು ಎಂದು ಅದು ಹೇಳುವುದಿಲ್ಲ, ಅದು ಆಯಾ ಸಂಘದ ಬೈಲಾಕ್ಕೆ ಬಿಟ್ಟದ್ದು. ಐಎಂಎಯಲ್ಲಿ ವರ್ಷಕ್ಕೊಬ್ಬ ರಾಷ್ಟ್ರೀಯ ಅಧ್ಯಕ್ಷ. ರೋಟರಿ, ಲಯನ್ಸ್‌ನಲ್ಲಿ ಜುಲೈ ಬಂತೆಂದರೆ ಹೊಸ ತಂಡ. ನಮ್ಮ ಕಡೆ ಡಾಕ್ಟರುಗಳು ಐಎಂಎಯಲ್ಲೂ ಈ ಕ್ಲಬ್‌ಗಳಲ್ಲೂ ಇರುತ್ತಾರೆ. ಅದನ್ನು ನೋಡಿ ಚಿಕ್ಕಪುಟ್ಟ ಸಂಘಗಳೂ ಹಾಗೇ ಬೈಲಾ ಬರೆದುಕೊಂಡವು ಎಂದು ನನಗನ್ನಿಸುತ್ತದೆ. ಉದ್ದೇಶ ಒಳ್ಳೆಯದೇ ಇತ್ತು. ಒಬ್ಬರೇ ಕುರ್ಚಿ ಹಿಡಿದು ಕೂರಬಾರದು, ಎಲ್ಲರಿಗೂ ಒಂದು ಅವಕಾಶ ಸಿಗಬೇಕು.

ಆ ಒಂದು ವರ್ಷ ಹೇಗೆ ಹೋಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಅವಧಿಗೆ ಖಜಾಂಚಿಯಾಗಿದ್ದೆ.

ಮಾರ್ಚ್ 31ಕ್ಕೆ ಲೆಕ್ಕ ಮುಗಿಯುತ್ತದೆ. ಏಪ್ರಿಲ್, ಮೇಯಲ್ಲಿ ಆಡಿಟರ್ ಹಿಂದೆ ಓಡಾಟ. ಜೂನ್‌ನಲ್ಲಿ ಮಹಾಸಭೆ. ಸಭೆಯಾಗಿ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಆ ಹದಿನಾಲ್ಕು ದಿನದಲ್ಲೇ ಪದಗ್ರಹಣದ ತಯಾರಿಯೂ ನಡೆಯುತ್ತಿರುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಮುಖ್ಯ ಅತಿಥಿ ಯಾರು, ಶಾಲು ಎಷ್ಟು, ಫಲಪುಷ್ಪ ಎಷ್ಟು. ಎಲ್ಲರ ಗಮನ ಅಲ್ಲಿ. ಕಾಗದಪತ್ರದ ಕೆಲಸ ಹಿಂದೆ ಬೀಳುತ್ತದೆ.

ನಮ್ಮ ಸಂಘಕ್ಕೆ ಸ್ವಂತ ಕಚೇರಿ ಇಲ್ಲ. ಇದ್ದದ್ದೆಲ್ಲ ಒಂದು ನೀಲಿ ಸೂಟ್‌ಕೇಸಿನಲ್ಲಿ. ಅದರ ಒಂದು ಚಕ್ರ ಹೋಗಿದೆ. ಒಳಗೆ ಲ್ಯಾಮಿನೇಟ್ ಮಾಡಿದ ನೋಂದಣಿ ಪತ್ರ, ಮಿನಿಟ್ಸ್ ಪುಸ್ತಕಗಳು, ರಶೀದಿ ಪುಸ್ತಕಗಳು, ಎರಡು ರಬ್ಬರ್ ಸ್ಟ್ಯಾಂಪ್, ರಬ್ಬರ್ ಬ್ಯಾಂಡ್ ಹಾಕಿದ ವೋಚರ್ ಕಟ್ಟು. ಕಾರ್ಯದರ್ಶಿ ಬದಲಾದರೆ ಸೂಟ್‌ಕೇಸ್ ಅವರ ಮನೆಗೆ ಹೋಗುತ್ತದೆ. ಸುರತ್ಕಲ್‌ನಿಂದ ಕಂಕನಾಡಿಗೆ, ಅಲ್ಲಿಂದ ಬಂಟ್ವಾಳಕ್ಕೆ. ಅದು ಕೈ ಬದಲಾಗುವುದು ಯಾವಾಗಲೂ ಜಡಿಮಳೆಯಲ್ಲೇ. ನನ್ನ ಕೈಗೆ ಬಂದಾಗ ಒಂದು ಮಿನಿಟ್ಸ್ ಪುಸ್ತಕದ ಪುಟಗಳು ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಪುಟಗಳಲ್ಲಿ ಏನು ತೀರ್ಮಾನವಾಗಿತ್ತು ಎಂದು ಕೇಳಿದರೆ ಹಳಬರು ಒಬ್ಬೊಬ್ಬರು ಒಂದೊಂದು ಹೇಳಿದರು.

ಮತ್ತೆ ಬ್ಯಾಂಕ್. ಖಾತೆಗೆ ಹೊಸ ಸಹಿ ಹಾಕಿಸಬೇಕು. ಠರಾವಿನ ಪ್ರತಿ, ಮೂವರ ಆಧಾರ್, ಪ್ಯಾನ್, ಫೋಟೋ. ಜುಲೈಯಲ್ಲಿ ಕೊಟ್ಟೆವು. ಠರಾವಿನಲ್ಲಿದ್ದ ಇನಿಶಿಯಲ್ ಪ್ಯಾನ್ ಕಾರ್ಡಿನಲ್ಲಿ ಇರಲಿಲ್ಲ, ವಾಪಸ್ ಬಂತು. ತಿದ್ದಿ ಕೊಡಲು ಹಳೆ ಕಾರ್ಯದರ್ಶಿಯ ಸಹಿ ಬೇಕು. ಅವರು ಅಷ್ಟರಲ್ಲಿ ಮಸ್ಕತ್‌ನಲ್ಲಿ ಕೆಲಸಕ್ಕೆ ಸೇರಿದ್ದರು. ಸೆಪ್ಟೆಂಬರ್ 8 ವಿಶ್ವ ಫಿಸಿಯೋಥೆರಪಿ ದಿನ, ನಮ್ಮ ವರ್ಷದ ದೊಡ್ಡ ಕಾರ್ಯಕ್ರಮ. ಖಾತೆಯಲ್ಲಿ ಹಣ ಉಂಟು, ತೆಗೆಯುವ ಹಾಗಿಲ್ಲ. ಹಾಲ್‌ನ ಅಡ್ವಾನ್ಸ್, ಬ್ಯಾನರ್, ಊಟ ಎಲ್ಲ ಮೂವರು ಕೈಯಿಂದ ಹಾಕಿದೆವು. ವಾಪಸ್ ಸಿಕ್ಕಿದ್ದು ನವೆಂಬರ್‌ನಲ್ಲಿ. ಬ್ಯಾಂಕಿನವರು ನಿಯಮ ಪಾಲಿಸಿದರು, ನಾವೂ ಸುಮ್ನೆ ಕೂತಿರಲಿಲ್ಲ. ಆದರೂ ನಾಲ್ಕು ತಿಂಗಳು ಹೋಯಿತು.

ಅದರ ನಡುವೆ ಆಟಿಡೊಂಜಿ ದಿನ (ತುಳುನಾಡಿನ ಆಟಿ ತಿಂಗಳ ಕೂಟ), ಪತ್ರೊಡೆ ಊಟ, ಸದಸ್ಯರ ಕುಟುಂಬದವರ ಭೇಟಿ. ಇದನ್ನು ನಾನು ದಂಡದ ಖರ್ಚು ಎನ್ನುವುದಿಲ್ಲ. ಒಬ್ಬಂಟಿಯಾಗಿ ಕ್ಲಿನಿಕ್ ನಡೆಸುವವರಿಗೆ ವೃತ್ತಿಯವರ ಮುಖ ಕಾಣುವುದೇ ಅಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಶಿಬಿರ, ತರಬೇತಿ. ನಿಜವಾದ ಕೆಲಸ ಆಗುವುದು ಆಗ. ಜನವರಿ ದಾಟಿದರೆ ಫೋನ್ ಶುರು, ಮುಂದಿನ ಸಲ ಯಾರು ಎಂದು.

ಒಂದು ವರ್ಷದ ಸಮಿತಿಗೆ ಒಂದು ವರ್ಷದ ಕೆಲಸ ಸಾಕಿತ್ತು, ಹಿಂದೆ. ಈಗ ಕೆಲಸಗಳು ಅಷ್ಟು ಚಿಕ್ಕದಿಲ್ಲ. ತೆರಿಗೆ ವಿನಾಯಿತಿಯ ನೋಂದಣಿ ಮೊದಲು ಒಮ್ಮೆ ಆದರೆ ಮುಗಿಯಿತು. 2020ರ ಬಜೆಟ್ ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಎಂದಿತು. 2025ರಲ್ಲಿ ಸಣ್ಣ ಸಂಸ್ಥೆಗಳಿಗೆ ಹತ್ತು ವರ್ಷವಾಯಿತು. ಮೊದಲ ಸಮಿತಿ ಅರ್ಜಿ ಹಾಕುತ್ತದೆ, ತಾರೀಕು ನೆನಪಿಡಬೇಕಾದದ್ದು ಹತ್ತನೆಯ ಸಮಿತಿ. ನೆನಪು ಇರುವುದು ಸೂಟ್‌ಕೇಸಿನಲ್ಲಿ.

ಪ್ರಾಯೋಜಕರ ವಿಷಯವೂ ಹಾಗೆಯೇ. 2009ರಲ್ಲಿ ಆಗಿನ ವೈದ್ಯಕೀಯ ಮಂಡಳಿ, ವೈದ್ಯರಾಗಲಿ ಅವರ ಸಂಘಗಳಾಗಲಿ ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣದ ಖರ್ಚು ಪಡೆಯಬಾರದು ಎಂದಿತು. 2016ರಲ್ಲಿ ಸಂಘಗಳನ್ನು ಆ ನಿಯಮದಿಂದ ಬಿಟ್ಟರು. ನಮಗೆ ಕೌನ್ಸಿಲ್ಲೇ ಇಲ್ಲದ್ದರಿಂದ ಅಂಥ ನಿಯಮವೂ ಇರಲಿಲ್ಲ. ಯಂತ್ರ ಮಾರುವವರಿಗೆ ಸ್ಟಾಲ್ ಕೊಡಬೇಕೇ, ಎಷ್ಟು ಹಣ ತೆಗೆದುಕೊಳ್ಳಬಹುದು ಎಂಬುದನ್ನು ಪ್ರತಿ ಸಮಿತಿ ಮೊದಲಿನಿಂದ ಚರ್ಚಿಸಿತು.

ಈಗ ಕೌನ್ಸಿಲ್ ಬಂದಿದೆ. 2021ರ ಕಾಯ್ದೆ ಫಿಸಿಯೋಥೆರಪಿ, ಲ್ಯಾಬ್, ರೇಡಿಯಾಲಜಿ ಹೀಗೆ 50ಕ್ಕೂ ಹೆಚ್ಚು ವೃತ್ತಿಗಳನ್ನು ಒಂದೇ ಚಾವಣಿಗೆ ತಂದಿತು. ಆರು ತಿಂಗಳೊಳಗೆ ರಾಜ್ಯ ಕೌನ್ಸಿಲ್‌ಗಳು ಆಗಬೇಕಿತ್ತು, ದೇಶದ ಹಲವು ಕಡೆ ಆಗಲಿಲ್ಲ. ಕೊನೆಗೆ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಎರಡು ತಿಂಗಳ ಗಡುವು ಹಾಕಿತು. ನೋಂದಣಿ, ಪಠ್ಯಕ್ರಮದ ಮಟ್ಟ, ನಡತೆಯ ನಿಯಮ ಇನ್ನು ಅಲ್ಲಿಯ ಕೆಲಸ. ಸಂಘಕ್ಕೆ ಉಳಿಯುವುದು ತರಬೇತಿ, ಸದಸ್ಯರ ಕಷ್ಟಸುಖ, ಮತ್ತು ಕೌನ್ಸಿಲ್‌ನ ಮುಂದೆ ನಮ್ಮ ಮಾತು ಹೇಳುವುದು.

ಮಾತು ಹೇಳಲು ಹಳೆಯದು ಗೊತ್ತಿರಬೇಕಲ್ವಾ? 2025ರ ಸೆಪ್ಟೆಂಬರ್‌ನಲ್ಲಿ, ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಬಾರದು ಎಂದು ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯದಿಂದ ಪತ್ರ ಬಂತು. ಮರುದಿನವೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆ ಒಂದು ದಿನ ವಾಟ್ಸಾಪ್ ಗುಂಪುಗಳಲ್ಲಿ "ಬೋರ್ಡ್ ತೆಗೆಯಬೇಕಾ?" ಎಂಬ ಪ್ರಶ್ನೆ ಸುರಿಯಿತು. ಹೊಸದಾಗಿ ಕುರ್ಚಿಯಲ್ಲಿ ಕೂತವರು ಏನೆಂದು ಉತ್ತರ ಕೊಡಬೇಕು?

ಉಡುಪಿಯ ಅಷ್ಟಮಠಗಳಲ್ಲಿ ಪೂಜೆಯ ಸರದಿ ಹಿಂದೆ ಎರಡು ತಿಂಗಳದ್ದಾಗಿತ್ತು. ವಾದಿರಾಜರು ಅದನ್ನು ಎರಡು ವರ್ಷಕ್ಕೆ ಏರಿಸಿದರು. ಸರದಿ ಸಿಗುವ ಮಠ ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ ಮಾಡುತ್ತದೆ. ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತ. ಜನವರಿ 18ಕ್ಕೆ ಅಧಿಕಾರ ಕೈಗೆ ಬರುವಾಗ ಉಗ್ರಾಣ ತುಂಬಿರುತ್ತದೆ. ನಮ್ಮ ಸಂಘಕ್ಕೂ ಎರಡು ವರ್ಷದ ಅವಧಿ ಇರಲಿ, ಮುಂದಿನ ಕಾರ್ಯದರ್ಶಿ ಮತ್ತು ಖಜಾಂಚಿ ಯಾರೆಂದು ಆರು ತಿಂಗಳ ಮೊದಲೇ ತೀರ್ಮಾನವಾಗಲಿ, ಅರ್ಧ ಸಮಿತಿ ಹಾಗೇ ಮುಂದುವರಿಯಲಿ ಎಂದು ನಾನು ಹೇಳುತ್ತಾ ಬಂದಿದ್ದೇನೆ. ಎರಡು ವರ್ಷ ಕೊಟ್ಟರೆ ದುಡಿಯುವವರು ಸಿಗುವುದಿಲ್ಲ ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ನಿಜ ಇದೆ. ಸಂಜೆ ಎಂಟರವರೆಗೆ ರೋಗಿಗಳನ್ನು ನೋಡಿ ಆಮೇಲೆ ಸಭೆಗೆ ಬರುವುದು ಸುಲಭ ಅಲ್ಲ. ಬೈಲಾ ತಿದ್ದುಪಡಿ ಮುಂದಿನ ಮಹಾಸಭೆಯ ಅಜೆಂಡಾದಲ್ಲಿದೆ.

ಆ ದಿನ ಚಹಾ ಮುಗಿಸಿ ಹುಡುಗಿಗೆ ಇಷ್ಟೆಲ್ಲ ಹೇಳಿದೆ. ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು, ಸಂಘದ ಕಾರ್ಡ್ ಅದಕ್ಕೆ ಬದಲಿಯಲ್ಲ ಎಂದೆ. ಅವಳು ಸೂಟ್‌ಕೇಸ್ ನೋಡಬಹುದಾ ಎಂದು ಕೇಳಿದಳು. ಈಗ ಭಾನುವಾರಗಳಲ್ಲಿ ಅವಳೂ ಅವಳ ಗೆಳತಿಯೂ ಮಿನಿಟ್ಸ್ ಪುಸ್ತಕಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಾಲ್ಕು ಪುಸ್ತಕ ಆಯಿತು. ಅಂಟಿಕೊಂಡ ಪುಟಗಳದ್ದು ಬಾಕಿ ಇದೆ. ಅವನ್ನು ಬಿಸಿಲಿಗೆ ಒಣಗಿಸಿಯೇ ಬಿಡಿಸಬೇಕು, ಮಳೆ ಇನ್ನೂ ಬಿಟ್ಟಿಲ್ಲ.