ಮೇಣದ ಬ್ಲಾಕಿನಲ್ಲಿರುವ ಸುಳಿವು

ರಾಯಚೂರಿನ ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಶ್ವಾಸಕೋಶ ಕ್ಯಾನ್ಸರಿನ ಬಯಾಪ್ಸಿ ಬ್ಲಾಕ್ (ದೇಹದಿಂದ ತೆಗೆದ ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಇಟ್ಟು ಊಟಕ್ಕೆ ಇಳಿಯಬೇಡಿ. ಪ್ಯಾರಾಫಿನ್ ಮೇಣ 60 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಡ್ಯಾಶ್‌ಬೋರ್ಡ್ ಅಷ್ಟು ಕಾಯುವುದು ಹೊಸತಲ್ಲ. ಬೆಂಗಳೂರಿನ ಲ್ಯಾಬಿಗೆ ಹೋಗಬೇಕಾದ ಆ ಅಕ್ಕಿಕಾಳಿನಷ್ಟು ತುಣುಕಿನಲ್ಲೇ ಮುಂದಿನ ಚಿಕಿತ್ಸೆಯ ದಾರಿ ಇರುತ್ತದೆ.

ಹೊಲ ಫಲವತ್ತಾಗಿದೆಯೇ ಎಂಬುದು ಒಂದು ಪ್ರಶ್ನೆ, ಹಾಕಿದ ಯೂರಿಯಾ ಬೆಳೆಗೆ ಹಿಡಿಯುತ್ತದೆಯೇ ಎಂಬುದು ಇನ್ನೊಂದು. ಸಿಂಧನೂರಿನ ಭತ್ತದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ವಾಸಕೋಶ ಕ್ಯಾನ್ಸರಿನಲ್ಲೂ ಕೆಲವು ರೋಗನಿರೋಧಕ ಜೀನ್‌ಗಳು ರೋಗ ಹೇಗೆ ಸಾಗೀತು ಎಂದಷ್ಟೇ ಹೇಳುತ್ತವೆ. ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಚಿಕಿತ್ಸೆ, ನಾಟುತ್ತದೆಯೇ ಎಂದು ಹೇಳುವಂಥವು ಕಡಿಮೆ. ಹತ್ತಿಪ್ಪತ್ತು ಜೀನ್ ಕೂಡಿಸಿ ಕಟ್ಟಿದ 'ರಿಸ್ಕ್ ಸ್ಕೋರ್'ಗಳು ಪ್ರಬಂಧಗಳಲ್ಲಿ ರಾಶಿ ಬಿದ್ದಿವೆ. ಒಂದು ಕಡೆಯ ರೋಗಿಗಳ ಮೇಲೆ ಹೊಂದಿದ್ದು ಇನ್ನೊಂದು ಕಡೆ ಜಾರುತ್ತದೆ, ಹಾಗಾಗಿ ಓಪಿಡಿಯಲ್ಲಿ ಅವುಗಳ ಉಪಯೋಗ ಅಷ್ಟಕ್ಕಷ್ಟೇ.

ನಿತ್ಯ ಬಳಕೆಯಲ್ಲಿರುವ ಸುಳಿವು ಪಿಡಿ-ಎಲ್1, ಅಂದರೆ ಸಿಡಿ274 ಜೀನ್ ತಯಾರಿಸುವ ಪ್ರೋಟೀನು. ಕ್ಯಾನ್ಸರ್ ಕೋಶದ ಮೇಲಿರುವ ಇದು, ರೋಗದ ವಿರುದ್ಧ ಹೋರಾಡುವ ಟಿ ಕೋಶದ ಮೇಲಿನ ಪಿಡಿ-1 ಎಂಬ ಪ್ರೋಟೀನಿಗೆ ತಗುಲಿದರೆ ಆ ಕೋಶಕ್ಕೆ ಬ್ರೇಕ್ ಬೀಳುತ್ತದೆ. ಪಿಡಿ-1 ಕಂಡುಹಿಡಿದ ತಸುಕು ಹೊಂಜೊ 2018ರ ನೊಬೆಲ್ ಹಂಚಿಕೊಂಡರು. ತುಣುಕಿಗೆ ಪಿಡಿ-ಎಲ್1 ತೋರಿಸುವ ಬಣ್ಣ ಹಚ್ಚಿ, ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶ ಎಣಿಸಿ, ಪೊರೆಗೆ ಬಣ್ಣ ಹತ್ತಿದವು ಎಷ್ಟು ಶೇಕಡಾ ಎಂದು ನೋಡುತ್ತಾರೆ. ಶೇ. 50 ಅಥವಾ ಹೆಚ್ಚಿದ್ದರೆ ಪಿಡಿ-1ರ ಬ್ರೇಕ್ ಬಿಡಿಸುವ ಇಮ್ಯುನೋಥೆರಪಿ ಔಷಧಿ ಪೆಂಬ್ರೊಲಿಝುಮಾಬ್ ಒಂದನ್ನೇ ಕೊಡಬಹುದು, ಕೆಳಗಿದ್ದರೆ ಸಾಮಾನ್ಯವಾಗಿ ಕೀಮೋ ಜೊತೆಗೆ. ಆದರೂ ಇದು ಸುಳಿವೇ ಹೊರತು ಖಾತ್ರಿಯಲ್ಲ: ಶೇ. 90 ಬಂದವರಲ್ಲೂ ಔಷಧಿ ನಾಟದಿರಬಹುದು. ಎಸ್‌ಟಿಕೆ11 ಅಥವಾ ಬಿ2ಎಂ ಜೀನ್ ಕೆಟ್ಟಿರುವುದು ಅದಕ್ಕೊಂದು ಕಾರಣ.

ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಇಮ್ಯುನೋಥೆರಪಿಗೆ ಅವಸರಿಸಬಾರದು. ಇಜಿಎಫ್‌ಆರ್ ಬದಲಾವಣೆ ಇದ್ದವರಿಗೆ ಆ ಬದಲಾವಣೆಗೇ ಗುರಿಯಿಟ್ಟ ಮಾತ್ರೆಯೇ ಮೊದಲು. ಇಮ್ಯುನೋಥೆರಪಿ ಮುಗಿಸಿದ ಬೆನ್ನಲ್ಲೇ ಅಂಥ ಮಾತ್ರೆಯಾದ ಒಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶ ಉರಿಯೂತದ ಅಪಾಯ ಹೆಚ್ಚು.

ತುಣುಕು ಕೆಡುವುದು ಹೆಚ್ಚಾಗಿ ಮೊದಲ ದಿನವೇ. ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ (ತುಣುಕು ಕೆಡದಂತೆ ಕಾಯುವ ದ್ರಾವಣ) 6ರಿಂದ 48 ಗಂಟೆ ಇರಲಿ. ಮೂಳೆಯ ತುಣುಕನ್ನು ಆಮ್ಲದಲ್ಲಿ ಮೆದು ಮಾಡಿದ್ದರೆ ಫಲಿತಾಂಶ ನಂಬುವಂತಿಲ್ಲ. ಟಿಟಿಎಫ್-1, ಪಿ40 ಎಂಬ ಎರಡು ಬಣ್ಣದ ಪರೀಕ್ಷೆಗಳಲ್ಲೇ ಕ್ಯಾನ್ಸರಿನ ವಿಧ ತಿಳಿದುಕೊಂಡು ಉಳಿದದ್ದನ್ನು ಕಾಯ್ದಿಡಿ. ಬ್ಲಾಕನ್ನು ತೆಳುವಾಗಿ ಕತ್ತರಿಸುವ ಮೈಕ್ರೊಟೋಮ್ ಯಂತ್ರಕ್ಕೆ ಮತ್ತೆ ಮತ್ತೆ ಏರಿಸಿದಾಗಲೆಲ್ಲ ಸಮತಟ್ಟು ಮಾಡುವುದರಲ್ಲೇ ಒಂದಿಷ್ಟು ಹೋಗುತ್ತದೆ, ಆದ್ದರಿಂದ ಹೆಚ್ಚುವರಿ ಸ್ಲೈಡುಗಳನ್ನು ಮೊದಲ ಸಲವೇ ಕತ್ತರಿಸಿಡುವುದು ಲೇಸು. ಹಾಗೆಂದು ತಿಂಗಳುಗಟ್ಟಲೆ ಇಡಬಾರದು, ಬಣ್ಣ ಹಿಡಿಯುವ ಗುಣ ಮಾಸುತ್ತದೆ.

ಸಂಡೂರಿನ ಗಣಿ ಧೂಳಿನಲ್ಲಿ ದುಡಿದವರ ಎಕ್ಸ್‌ರೇಯಲ್ಲಿ ನೆರಳು ಕಂಡರೆ ಮೊದಲು ನೆನಪಾಗುವುದು ಟಿಬಿ. ಕಫದಲ್ಲಿ ಟಿಬಿ ಕಾಣದೆ, ಎರಡು ತಿಂಗಳ ಮಾತ್ರೆಗೂ ನೆರಳು ಕರಗದಿದ್ದರೆ ಸಿಟಿ ಮತ್ತು ಬಯಾಪ್ಸಿ ಕೇಳಿ. ಪಿಡಿ-ಎಲ್1 ವರದಿ ಬಂದಾಗ ಕ್ಲೋನ್, ಅಂದರೆ ಬಣ್ಣ ಹಚ್ಚಲು ಬಳಸಿದ ಪ್ರತಿಕಾಯದ (ಆ್ಯಂಟಿಬಾಡಿ) ಹೆಸರನ್ನೂ ನೋಡಿ: 22ಸಿ3ಗೆ ಹೋಲಿಸಿದರೆ ಎಸ್‌ಪಿ142 ಕಡಿಮೆ ಕೋಶಗಳಿಗೆ ಬಣ್ಣ ಹಚ್ಚುತ್ತದೆ.