ಡಿಕ್ರಿ ಕೈಯಲ್ಲಿ, ಜಮೀನು ಒಕ್ಕದಲ್ಲಿ

ಜೀವನಾಂಶದ ಆದೇಶ ಬಂದಿದೆ, ಗಂಡ ಕೊಡುತ್ತಿಲ್ಲ. ಜಪ್ತಿ ಮಾಡಿಸೋಣವೆಂದರೆ ಏನನ್ನು? ಆತ ಕಾಫಿ ತೋಟ ನೋಡಿಕೊಳ್ಳುತ್ತಾನೆ, ಜೀಪಿನಲ್ಲಿ ಓಡಾಡುತ್ತಾನೆ. ಪಹಣಿ ತೆಗೆಸಿದರೆ ಅದರಲ್ಲಿರುವುದು ಎಂದೋ ತೀರಿಕೊಂಡ ಪಟ್ಟೆದಾರನ, ಅಂದರೆ ಒಕ್ಕದ (ಕೊಡವರ ಅವಿಭಕ್ತ ಕುಟುಂಬದ) ಯಜಮಾನನ ಹೆಸರು. ಕೊಡಗಿನಲ್ಲಿ ಇದು ಹೊಸ ಕಥೆಯಲ್ಲ.

ಇದರ ಬೇರು ಜಮ್ಮಾ ಹಿಡುವಳಿಯಲ್ಲಿದೆ. ರಾಜರ ಕಾಲದಲ್ಲಿ ಒಕ್ಕಗಳಿಗೆ ವಂಶಪಾರಂಪರ್ಯವಾಗಿ ದಕ್ಕಿದ ಗದ್ದೆ, ಅದಕ್ಕೆ ಸೌದೆ, ಸೊಪ್ಪಿಗೆಂದು ಸೇರಿಕೊಂಡ ಬಾಣೆ ಎಂಬ ಗುಡ್ಡದ ಕಾಡುಭೂಮಿ, ಪೂರ್ತಿ ಕಂದಾಯ ಕಟ್ಟುವ ‘ಸಾಗು’ ಹಿಡುವಳಿಯ ಅರ್ಧದಷ್ಟೇ ಕಂದಾಯ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ ಮೇಲೂ ಈ ಪದ್ಧತಿ ಉಳಿಯಿತು. ಬಾಣೆಯಲ್ಲಿ ಕಾಫಿ ಬೆಳೆಯಿತು, ದಾಖಲೆ ಮಾತ್ರ ಹಾಗೇ ನಿಂತಿತು. ಒಕ್ಕದ ಆಸ್ತಿ ಒಡೆಯಬಾರದೆಂಬ ರೂಢಿ ಜಮೀನು ಪರರ ಪಾಲಾಗದಂತೆ ತಡೆದದ್ದು ನಿಜ. ಅದರ ಬೆಲೆ ತೆತ್ತವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮತ್ತು ಮನೆ ಬಿಟ್ಟು ಬರಬೇಕಾದ ಸೊಸೆಯಂದಿರು.

ಕಾನೂನು ನಿಧಾನವಾಗಿ ಬದಲಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರಲ್ಲಿ ಹೆಣ್ಣುಮಕ್ಕಳನ್ನು ಸಹದಾಯಾದಿಗಳನ್ನಾಗಿಸಿತು, ಅಂದರೆ ಹುಟ್ಟಿನಿಂದಲೇ ಕುಟುಂಬದ ಆಸ್ತಿಯ ಪಾಲುದಾರರನ್ನಾಗಿಸಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದ ಅಳಿಸಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹಕ್ಕು ಸಿಕ್ಕಿತು; ಜಮೀನು? ವಿಭಾಗದ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅಂದರೆ ಇಂಥವರಿಗೆ ಆರನೇ ಒಂದು ಪಾಲು ಎಂಬ ಘೋಷಣೆ ಅಷ್ಟೇ. ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನ ಪ್ರಕಾರ, ಕಂದಾಯ ಕಟ್ಟುವ ಜಮೀನನ್ನು ನೆಲದ ಮೇಲೆ ಹಂಚುವವರು ಜಿಲ್ಲಾಧಿಕಾರಿ ಅಥವಾ ಅವರು ನೇಮಿಸಿದ ಅಧಿಕಾರಿ. ಕಡತ ಕೋರ್ಟಿನಿಂದ ಕಂದಾಯ ಕಚೇರಿಗೆ, ಅಲ್ಲಿಂದ ಭೂಮಾಪಕರ ಬಳಿಗೆ. ಹೊಳೆ ಬದಿಯ ಗದ್ದೆ ಯಾರಿಗೆ, ಇಳಿಜಾರಿನ ಬಾಣೆ ಯಾರಿಗೆ ಎಂಬಲ್ಲಿಗೆ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಅಂತಿಮ ಡಿಕ್ರಿಗೆ ಪ್ರತ್ಯೇಕ ಅರ್ಜಿ ಕಾಯದೆ ವಿಚಾರಣಾ ನ್ಯಾಯಾಲಯವೇ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಗಿ ಬಂತು.

ಜೀವನಾಂಶದ ದಾರಿ ಬೇರೆ. 1898ರ ದಂಡ ಪ್ರಕ್ರಿಯಾ ಸಂಹಿತೆ ತಿಂಗಳಿಗೆ 50 ರೂಪಾಯಿಯ ಮಿತಿ ಹಾಕಿತ್ತು; 1955ರ ಹೊತ್ತಿಗೆ ಅದು 500 ಆಯಿತು, 2001ರವರೆಗೂ ಅಷ್ಟೇ ಇತ್ತು. ಕೊಡದವನನ್ನು ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಸ್ಪಷ್ಟಪಡಿಸಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ಜೀವನಾಂಶದ ಆದೇಶವನ್ನು ಸಿವಿಲ್ ಹಣದ ಡಿಕ್ರಿಯಂತೆ ಅಮಲ್ಜಾರಿ ಮಾಡಬಹುದೆಂದೂ ಹೇಳಿತು.

ಗಂಡ ಸೈನಿಕನಾಗಿದ್ದರೆ ಇನ್ನೊಂದು ಗೋಡೆ. ಮನೆ ಮನೆಯಿಂದ ಸೇನೆಗೆ ಹೋದ ಈ ಜಿಲ್ಲೆಗೆ ಅದು ಸಣ್ಣ ವಿಷಯವಲ್ಲ. 1950ರ ಸೇನಾ ಕಾಯ್ದೆಯ 28ನೇ ಕಲಮು ಸಿವಿಲ್ ನ್ಯಾಯಾಲಯ ಸೈನಿಕನ ಸಂಬಳ ಜಪ್ತಿ ಮಾಡುವುದನ್ನು ತಡೆಯುತ್ತದೆ. ಆದರೆ ಅದೇ ಕಾಯ್ದೆ ಹೆಂಡತಿ ಮಕ್ಕಳ ಪೋಷಣೆಗೆ ಸಂಬಳದಿಂದ ಕಡಿತ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಮತ್ತು ನಿಗದಿತ ಸೇನಾಧಿಕಾರಿಗಳಿಗೆ ಕೊಟ್ಟಿದೆ. ಅರ್ಜಿ ಹೋಗಬೇಕಾದದ್ದು ಅಲ್ಲಿಗೆ.

ತೋಟದವನ ವಿಷಯದಲ್ಲಿ, ನನ್ನ ಮಟ್ಟಿಗೆ, ಜಮೀನಿನ ಹಿಂದೆ ಬೀಳುವುದಕ್ಕಿಂತ ಫಸಲಿನ ಮೇಲೆ ಕಣ್ಣಿಡುವುದು ಮೇಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ಗಿಡದ ಮೇಲಿನ ಫಸಲನ್ನೂ ಕೊಯ್ದು ಕಣದಲ್ಲಿ ಹರವಿದ್ದನ್ನೂ ಜಪ್ತಿ ಮಾಡಲು ಬಿಡುತ್ತದೆ; ಗಿಡದ ಮೇಲಿನದಾದರೆ ಕೊಯ್ಲಿನ ಕಾಲವನ್ನು ಅರ್ಜಿಯಲ್ಲೇ ಬರೆಯಬೇಕು. ಕಾಫಿ ಕೊಂಡ ವ್ಯಾಪಾರಿ ಕೊಡಬೇಕಾದ ಹಣಕ್ಕೂ ತಡೆ ತರಬಹುದು. ಅಣ್ಣತಮ್ಮಂದಿರು ತಮ್ಮ ಪಾಲೂ ಇದೆಯೆಂದು ಆಕ್ಷೇಪ ಎತ್ತಿಯೇ ಎತ್ತುತ್ತಾರೆ. ಅದನ್ನು ಅಮಲ್ಜಾರಿ ನ್ಯಾಯಾಲಯವೇ ತೀರ್ಮಾನಿಸುತ್ತದೆ. ಕೊಯ್ಲು ಬರಲೆಂದು ಸುಮ್ಮನೆ ಕೂರುವವರು ಒಂದು ಗಡುವು ಗಮನಿಸಬೇಕು: ಜೈಲಿನ ದಾರಿ ಹಿಡಿಯುವುದಾದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಬೇಕು. ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮೂ ಆ ಗಡುವನ್ನು ಹಾಗೆಯೇ ಉಳಿಸಿಕೊಂಡಿದೆ.