ಎರಿ ಹೊಲದ ಮೇಲೊಂದು ಪುಟ್ಟ ವಿಮಾನ

ಬಿಳಿಜೋಳದ ರಾಶಿ ಮುಗಿದ ಮೇಲೆ ವಿಜಯಪುರದ ಸುತ್ತಲಿನ ಎರಿ ಹೊಲಗಳನ್ನು ನೋಡಬೇಕು. ಗಿಡ ಕಡಿಮೆ, ಮನೆ ಕಡಿಮೆ, ಕಣ್ಣು ಹಾಯುವಷ್ಟು ದೂರ ಬರೀ ಬಯಲು. ರಿಮೋಟ್ ವಿಮಾನ ಹಾರಿಸುವವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ನಾನು ಮತ್ತು ನನ್ನ ಅಕ್ಕನ ಮಗ ಭಾನುವಾರ ಬೆಳಿಗ್ಗೆ ಸಿಂದಗಿ ರಸ್ತೆ ಕಡೆ, ಪರಿಚಯದವರ ಹೊಲಕ್ಕೆ ಹೋಗುತ್ತೇವೆ. ಪೆಟ್ಟಿಗೆ ತೆಗೆದು ರೆಕ್ಕೆ ಜೋಡಿಸುವಷ್ಟರಲ್ಲಿ ಯಾರಾದರೂ ಬಂದು ನಿಲ್ಲುತ್ತಾರೆ.

"ಔಷಧ ಹೊಡಿಯೋ ಡ್ರೋನ್ ಏನ್ರೀ ಇದು?"

"ಅಲ್ರೀ ಕಾಕಾ, ಇದು ವಿಮಾನ."

ವ್ಯತ್ಯಾಸ ದೊಡ್ಡದು. ಔಷಧ ಹೊಡೆಯುವ ಡ್ರೋನನ್ನು ಅದರ ಮೋಟಾರುಗಳೇ ನೇರವಾಗಿ ಎತ್ತಿ ಹಿಡಿದಿರುತ್ತವೆ, ಒಳಗೊಂದು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅದನ್ನು ಸಮ ಮಾಡುತ್ತಿರುತ್ತದೆ. ಕೈ ಬಿಟ್ಟರೂ ನಿಂತಲ್ಲೇ ನಿಲ್ಲುತ್ತದೆ. ವಿಮಾನ ಹಾಗಲ್ಲ. ಅದನ್ನು ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಯ ಮೇಲೆ ಗಾಳಿ ಹರಿಯುತ್ತಲೇ ಇರಬೇಕು, ಅದಕ್ಕೆ ವಿಮಾನ ಮುಂದೆ ಹೋಗುತ್ತಲೇ ಇರಬೇಕು. ನಿಂತರೆ ಬೀಳುತ್ತದೆ. ಹೀಗಾಗಿ ತಪ್ಪೇನಿದ್ದರೂ ಅದನ್ನು ನೆಲದ ಮೇಲೇ ಹುಡುಕಬೇಕು. ಮೇಲೆ ಹೋದ ಮೇಲೆ ಹುಡುಕಲು ಟೈಮ್ ಇರುವುದಿಲ್ಲ.

ಇದನ್ನು ನಾನು ನನ್ನ ಮೊದಲ ವಿಮಾನ ಕಳೆದುಕೊಂಡು ಕಲಿತೆ. ಫೋಮಿನ ವಿಮಾನ, ಎರಡು ವಾರ ಕೂತು ಜೋಡಿಸಿದ್ದೆ. ಕೈಯಿಂದ ಎಸೆದಾಗ ಚೆನ್ನಾಗಿಯೇ ಏರಿತು. ಸ್ವಲ್ಪ ಎಡಕ್ಕೆ ವಾಲಿತು. ಸರಿ ಮಾಡೋಣ ಅಂತ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದೆ. ಇನ್ನೂ ಎಡಕ್ಕೆ ವಾಲಿತು. ಇನ್ನೂ ಜಾಸ್ತಿ ಬಲಕ್ಕೆ ಒತ್ತಿದೆ. ಮಗುಚಿ ನೆಲಕ್ಕೆ ಬಡಿಯಿತು. ಎಲ್ಲ ಸೇರಿ ಮೂರು ಸೆಕೆಂಡ್ ಇರಬಹುದು. ರೆಕ್ಕೆಯ ತುದಿಯಲ್ಲಿ ಅಲ್ಲಾಡುವ ಪಟ್ಟಿ ಇರುತ್ತದಲ್ಲ, ಐಲೆರಾನ್ ಅಂತಾರೆ, ಅದು ಉಲ್ಟಾ ಕೆಲಸ ಮಾಡುತ್ತಿತ್ತು. ರಿಮೋಟಿನಲ್ಲಿ ಒಂದೇ ಒಂದು ಸೆಟ್ಟಿಂಗ್ ತಿರುಗಿಸಿದ್ದರೆ ಸಾಕಿತ್ತು. ವಾಲಿದಾಗ ಇನ್ನೊಂದು ಕಡೆ ಒತ್ತುವುದು ಮನಸ್ಸಿನ ಸಹಜ ಗುಣ. ಆ ಮೂರು ಸೆಕೆಂಡಿನಲ್ಲಿ 'ಇದು ಉಲ್ಟಾ ಇದೆ' ಅಂತ ಹೊಳೆದು, ಕೈಯನ್ನೂ ಉಲ್ಟಾ ಓಡಿಸುವುದು ಹೆಚ್ಚುಕಡಿಮೆ ಯಾರಿಂದಲೂ ಆಗುವುದಿಲ್ಲ.

ಈಗ ಪ್ರತಿ ಸಲ, ಹೌದು, ಪ್ರತಿ ಸಲವೂ ವಿಮಾನದ ಹಿಂದೆ ನಿಂತು ನೋಡುತ್ತೇವೆ. ಕಡ್ಡಿ ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡಗಡೆಯದು ಕೆಳಗಿಳಿಯಬೇಕು. ಕಡ್ಡಿಯನ್ನು ನಮ್ಮ ಕಡೆ ಎಳೆದರೆ ಬಾಲದ ಅಡ್ಡಪಟ್ಟಿ, ಅಂದರೆ ಎಲಿವೇಟರ್, ಮೇಲಕ್ಕೆ ಏಳಬೇಕು. ಬಾಲದ ನಿಂತ ಪಟ್ಟಿಗೆ ರಡರ್ ಅಂತ ಹೆಸರು, ಅದು ಕಡ್ಡಿ ಹೋದ ಕಡೆಗೇ ತಿರುಗಬೇಕು. ರಿಮೋಟಿನ ಸಿಗ್ನಲ್ ಹಿಡಿಯಲು ವಿಮಾನದೊಳಗೆ ಇರುವ ಭಾಗವೇ ರಿಸೀವರ್. ಕೆಲವು ರಿಸೀವರುಗಳಲ್ಲಿ ಈಗ ಜೈರೊ, ಅಂದರೆ ವಾಲುವುದನ್ನು ಗುರುತಿಸುವ ಸೆನ್ಸರ್ ಇರುತ್ತದೆ, ಗಾಳಿಗೆ ವಾಲಿದರೆ ತಾನೇ ಸರಿ ಮಾಡುತ್ತದೆ. ಒಳ್ಳೆಯದೇ. ಆದರೆ ಅದೂ ಉಲ್ಟಾ ಇರಬಹುದು. ಜೈರೊ ಆನ್ ಮಾಡಿ, ವಿಮಾನವನ್ನು ಕೈಯಲ್ಲಿ ಹಿಡಿದು ಬಲಕ್ಕೆ ಥಟ್ಟನೆ ವಾಲಿಸಿ ನೋಡಿ. ಬಲ ರೆಕ್ಕೆಯ ಪಟ್ಟಿ ಕೆಳಗಿಳಿದರೆ ಸರಿ, ಆ ರೆಕ್ಕೆಯನ್ನು ಅದು ಮೇಲೆತ್ತಲು ನೋಡುತ್ತಿದೆ ಅಂತ ಅರ್ಥ.

ಇದಾದ ಮೇಲೆ ತೂಕದ ಮಾತು. ಜೋಡಿಸುವ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಚಿಕ್ಕವರಿದ್ದಾಗ ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಗೊತ್ತು, ಗಂಟು ಒಂದು ಬೆರಳು ಆಚೆ ಈಚೆ ಆದರೆ ಪಟ ಗಿರಗಿರ ತಿರುಗಿ ಬೀಳುತ್ತಿತ್ತು. ವಿಮಾನಕ್ಕೂ ಅಂಥದ್ದೊಂದು ಜಾಗ ಇದೆ. ಇಡೀ ವಿಮಾನದ ತೂಕ ಸಮ ತೂಗುವ ಬಿಂದು, ಸಿ.ಜಿ. ಅಂತ ಕರೆಯುತ್ತಾರೆ. ಸಾಮಾನ್ಯವಾಗಿ ಇದು ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. ನಮ್ಮ ವಿಮಾನದ ರೆಕ್ಕೆ 20 ಸೆಂಟಿಮೀಟರ್ ಅಗಲ, ಅಂದರೆ 5ರಿಂದ 6.5 ಸೆಂಟಿಮೀಟರ್ ಒಳಗೆ. ಕಿಟ್ಟಿನ ಪುಸ್ತಕದಲ್ಲಿ ಸರಿಯಾದ ಅಳತೆ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಯಾಕೆ ಅಷ್ಟು ಮುಖ್ಯ? ಹಾರುವಾಗ ಗಾಳಿಯ ಒಂದು ಹೊಡೆತ ಬಂದು ಮೂಗು ಮೇಲಾಯಿತು ಅಂದುಕೊಳ್ಳಿ. ರೆಕ್ಕೆಗೂ ಬಾಲಕ್ಕೂ ಗಾಳಿ ಈಗ ಕೆಳಗಿನಿಂದ ತಾಗುತ್ತದೆ, ಎರಡೂ ಮೇಲೇಳಲು ನೋಡುತ್ತವೆ. ತೂಕ ಮುಂದಿದ್ದರೆ ಬಾಲದ ಕೈಯೇ ಮೇಲು, ಬಾಲ ಏಳುತ್ತದೆ, ಮೂಗು ತಾನೇ ಕೆಳಗೆ ಬರುತ್ತದೆ. ಯಾರೂ ಏನೂ ಮಾಡಬೇಕಿಲ್ಲ. ಅದೇ ತೂಕ ತೀರಾ ಹಿಂದಕ್ಕೆ ಸರಿದಿದ್ದರೆ ರೆಕ್ಕೆಯ ಎತ್ತುವ ಬಲ ತೂಕಕ್ಕಿಂತ ಮುಂದೆ ಬೀಳುತ್ತದೆ, ಮೇಲೆದ್ದ ಮೂಗನ್ನು ಅದು ಇನ್ನೂ ಮೇಲಕ್ಕೆ ತಳ್ಳುತ್ತದೆ. ವೇಗ ಸಾಯುತ್ತದೆ, ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ, ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ಇದನ್ನೇ ಸ್ಟಾಲ್ ಅನ್ನುವುದು. ಮೂಗು ಭಾರ ಇದ್ದ ವಿಮಾನ ಸೋಮಾರಿ, ಆದರೂ ಮನೆಗೆ ಬರುತ್ತದೆ. ಬಾಲ ಭಾರ ಇದ್ದದ್ದು ಬಹಳ ಸಲ ಬರುವುದೇ ಇಲ್ಲ.

ಈ ಗುಟ್ಟನ್ನು ಮಾಡಿ ತೋರಿಸಿದ್ದು ಒಬ್ಬ ಹುಡುಗ ಅಂದರೂ ನಡೆದೀತು, ಆಗ ಅವನಿಗೆ ಇಪ್ಪತ್ತೊಂದೋ ಏನೋ ವಯಸ್ಸು. ಫ್ರಾನ್ಸಿನ ಅಲ್ಫಾನ್ಸ್ ಪೆನೋ. 1871ರಲ್ಲಿ ಪ್ಯಾರಿಸ್ಸಿನ ಟ್ಯೂಲರಿ ಉದ್ಯಾನದಲ್ಲಿ ರಬ್ಬರ್ ತಿರುಚಿ ಹಾರಿಸುವ ಒಂದು ಪುಟ್ಟ ಮಾದರಿ ಬಿಟ್ಟ. ಹಿಂದೆ ಬಾಲ, ಮೇಲಕ್ಕೆ ಬಾಗಿದ ರೆಕ್ಕೆಯ ತುದಿಗಳು. 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹಾರಿತು, ತನ್ನಷ್ಟಕ್ಕೆ ತಾನೇ ಸಮ ಕಾಯ್ದುಕೊಂಡು. ರೈಟ್ ಸಹೋದರರು ಹಾರಿದ್ದು 1903ರಲ್ಲಿ, ಅದಕ್ಕೂ 32 ವರ್ಷ ಮೊದಲಿನ ಮಾತಿದು.

ನಾವು ತೂಕ ನೋಡುವುದು ಬಹಳ ಸರಳ. ಬ್ಯಾಟರಿ, ಪ್ರೊಪೆಲ್ಲರ್, ಗಾಲಿ ಎಲ್ಲ ಹಾಕಿ, ಹಾರಲು ಸಿದ್ಧವಾದ ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳ ತುದಿಯಿಂದ ಎತ್ತುತ್ತೇವೆ. ಸಿ.ಜಿ. ಇರಬೇಕಾದ ಕಡೆ ಮೊದಲೇ ಗುರುತು ಮಾಡಿಕೊಂಡು, ಆ ಜಾಗದಲ್ಲೇ ಎತ್ತಬೇಕು. ಮೂಗು ಕೂದಲೆಳೆಯಷ್ಟು ಕೆಳಗೆ ಬಾಗಿದರೆ ಚಲೋ. ಬಾಲ ಬಾಗಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ. ಬ್ಯಾಟರಿ ಕೂರುವ ಜಾಗಕ್ಕೆ ಪೆನ್ನಿನಿಂದ ಗೆರೆ ಹಾಕಿಡಿ, ಅದು ಒಳಗೆ ಜರುಗದಂತೆ ಪಟ್ಟಿ ಬಿಗಿಯಿರಿ. ಹಾರುವಾಗ ಬ್ಯಾಟರಿ ಹಿಂದಕ್ಕೆ ಜಾರಿದರೆ ಇಷ್ಟು ಹೊತ್ತು ತೂಗಿದ್ದೆಲ್ಲ ಸುಮ್ನೆ.

ಮೋಟಾರಿನ ವಿಷಯ. ಮೋಟಾರಿನ ಮೇಲೆ 1000 ಕೆವಿ ಅಂತ ಬರೆದಿರುತ್ತದೆ. ಕಿಲೋವೋಲ್ಟ್ ಅಂತ ಓದಬೇಡಿ. ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು ಅಂತ ಅರ್ಥ. ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 11.1 ವೋಲ್ಟ್, ಅಂದರೆ 11,000 ಸುತ್ತಿನ ಹತ್ತಿರ. ಪ್ರೊಪೆಲ್ಲರ್ ಹಾಕಿದ ಮೇಲೆ 9,000ಕ್ಕೆ ಇಳಿಯಿತು ಅನ್ನಿ, ಆಗಲೂ 10 ಇಂಚಿನ ಪ್ರೊಪೆಲ್ಲರಿನ ತುದಿ ಗಂಟೆಗೆ 430 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಲೆಕ್ಕ ಹಾಕಿ ನೋಡಿ, ಬೆರಳಿಗೆ ಏನಾಗಬಹುದು ಅಂತ ತಿಳಿಯುತ್ತದೆ. ಮನೆಯಲ್ಲಿ ಸೆಟ್ಟಿಂಗ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಿ. ಹೊಲದಲ್ಲಿ ಬ್ಯಾಟರಿ ಜೋಡಿಸಿದ ಮೇಲೆ ಮುಖ, ಕೈ, ಅಂಗಿಯ ತೋಳು ಅದರ ಮುಂದೆಯೂ ಬೇಡ, ಪಕ್ಕದಲ್ಲೂ ಬೇಡ. ಮಕ್ಕಳು ಹಿಂದೆ ನಿಲ್ಲಲಿ.

ಲಿಪೊ ಬ್ಯಾಟರಿಗೆ ನಮ್ಮೂರಿನ ಬಿಸಿಲು ಆಗಿಬರುವುದಿಲ್ಲ. ಏಪ್ರಿಲ್‌ನಲ್ಲಿ ಒಂದು ಸಲ ಬೈಕಿನ ಸೈಡ್ ಬಾಕ್ಸಿನಲ್ಲಿ ಬಿಟ್ಟು, ಚಹಾ ಕುಡಿದು ಬರುವಷ್ಟರಲ್ಲಿ ಬ್ಯಾಟರಿ ದಿಂಬಿನ ಹಾಗೆ ಉಬ್ಬಿತ್ತು. ಉಬ್ಬಿದ ಬ್ಯಾಟರಿ ಮುಗಿಯಿತು ಅಂತಲೇ ಲೆಕ್ಕ, ಮತ್ತೆ ಚಾರ್ಜ್ ಮಾಡಬಾರದು, ಚುಚ್ಚಲೂಬಾರದು, ಬೆಂಕಿ ಹತ್ತುತ್ತದೆ. ಒಂದು ಸೆಲ್ಲಿಗೆ 4.2 ವೋಲ್ಟ್ ಅಂದರೆ ತುಂಬಿದೆ. 3.5ರ ಹತ್ತಿರ ಬಂದರೆ ವಿಮಾನ ಇಳಿದಿರಬೇಕು. 3 ವೋಲ್ಟಿಗಿಂತ ಕೆಳಗೆ ಹೋದರೆ ಸೆಲ್ ಹಾಳು. ವಾರಗಟ್ಟಲೆ ಇಡುವುದಾದರೆ 3.8ರಲ್ಲಿ ಇಡಿ. 2200 ಎಂಎಎಚ್ ಬ್ಯಾಟರಿಗೆ 2.2 ಆಂಪಿಯರ್‌ನಲ್ಲಿ ಚಾರ್ಜ್, ಎಲ್ಲ ಸೆಲ್ಲೂ ಸಮ ತುಂಬುವಂತೆ ಬ್ಯಾಲೆನ್ಸ್ ವೈರ್ ಸಿಕ್ಕಿಸಿ, ಬಂಡೆ ಅಥವಾ ಟೈಲ್ಸ್ ಮೇಲಿಟ್ಟು, ಎದುರಿಗೆ ಕೂತು. ರಾತ್ರಿ ಹಚ್ಚಿ ಮಲಗುವುದು ಬೇಡವೇ ಬೇಡ.

ರೇಡಿಯೊ ಕಡೆಯ ತಲೆನೋವು ಈಗ ಕಡಿಮೆ. 2.4 ಗಿಗಾಹರ್ಟ್ಸ್ ರಿಮೋಟುಗಳಲ್ಲಿ ಪಕ್ಕದವರ ಸಿಗ್ನಲ್ ನಮ್ಮ ವಿಮಾನವನ್ನು ಕಸಿಯುವ ಭಯ ಹೋಗಿದೆ. ರಿಸೀವರಿನ ಎರಡು ಆಂಟೆನಾ ತುದಿಗಳನ್ನು ಒಂದಕ್ಕೊಂದು ಲಂಬವಾಗಿ ಅಂಟಿಸಿ, ವಿಮಾನ ಹೇಗೆ ತಿರುಗಿದರೂ ಒಂದಕ್ಕಾದರೂ ಸಿಗ್ನಲ್ ಸಿಗುತ್ತದೆ. ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ವಿಮಾನದ ಬ್ಯಾಟರಿ. ಬಿಚ್ಚುವಾಗ ಉಲ್ಟಾ. ಸಿಗ್ನಲ್ ತಪ್ಪಿದರೆ ಮೋಟಾರು ತಾನೇ ನಿಲ್ಲಬೇಕು, ಫೇಲ್‌ಸೇಫ್ ಅಂತಾರೆ. ಪ್ರೊಪೆಲ್ಲರ್ ಬಿಚ್ಚಿ, ಮೋಟಾರು ಓಡಿಸಿ, ರಿಮೋಟ್ ಆಫ್ ಮಾಡಿ ಒಮ್ಮೆ ಪರೀಕ್ಷೆ ಮಾಡಿಬಿಡಿ.

ಇನ್ನು ಗಾಳಿ. ಬಹಳ ಜನ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಸಮುದ್ರ ಮಟ್ಟದಲ್ಲಿ 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯಲ್ಲಿ ಅದು 1.05 ಕಿಲೋ ಆಸುಪಾಸು, ಅಂದರೆ ನೂರಕ್ಕೆ 14ರಷ್ಟು ತೆಳು. ರೆಕ್ಕೆಗೆ ಹಿಡಿಯಲು ಗಾಳಿಯೇ ಕಡಿಮೆ. ಅದೇ ತೂಕ ಎತ್ತಲು ವಿಮಾನ ನೂರಕ್ಕೆ 8ರಷ್ಟು ಜಾಸ್ತಿ ಜೋರಾಗಿ ಹೋಗಬೇಕು. ಪ್ರೊಪೆಲ್ಲರಿಗೂ ಅದೇ ಕತೆ, ಎಳೆಯುವ ಬಲ ಕಡಿಮೆಯಾಗುತ್ತದೆ. ಮೇಲಾಗಿ ಕಾದ ಕರಿ ಮಣ್ಣಿನಿಂದ ಬಿಸಿಗಾಳಿ ಎದ್ದು ಸುಳಿಗಾಳಿಯಾಗಿ ಹೊಲದಲ್ಲೇ ತಿರುಗಾಡುತ್ತದೆ. ಅದರೊಳಗೆ ಒಂದು ಕಿಲೋ ವಿಮಾನ ತರಗೆಲೆಗೆ ಸಮ. ನಾವು ಹೊತ್ತು ಹುಟ್ಟುವ ಹೊತ್ತಿಗೆ ಹೋಗಿ ಒಂಬತ್ತರೊಳಗೆ ಮುಗಿಸುತ್ತೇವೆ. ಮುಂಗಾರಿನ ಬಿರುಗಾಳಿಯ ತಿಂಗಳುಗಳಲ್ಲಿ ವಿಮಾನ ಮನೆಯಲ್ಲೇ.

ಎಲ್ಲಿ ಹಾರಿಸಬೇಕು ಅನ್ನುವುದಕ್ಕೆ ಕಾನೂನೂ ಇದೆ. 2021ರ ಡ್ರೋನ್ ನಿಯಮಗಳಲ್ಲಿ ಹವ್ಯಾಸದ ಮಾದರಿಗಳ ಪ್ರಸ್ತಾಪವಿದೆ: ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಹಸಿರು ವಲಯದಲ್ಲಿ, ಅಂದರೆ ಮೊದಲೇ ಅನುಮತಿ ಕೇಳಬೇಕಿಲ್ಲದ ಜಾಗದಲ್ಲಿ, 400 ಅಡಿವರೆಗೆ, ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಇದ್ದರೆ 200 ಅಡಿವರೆಗೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲ ಯಾವ ಬಣ್ಣದ ವಲಯದಲ್ಲಿದೆ ಅಂತ ನೋಡಿಕೊಂಡು ಹೋಗಿ. ಬೆಳಗಾವಿಯವರಿಗೆ ಇದು ಇನ್ನೂ ಮುಖ್ಯ, ಸಾಂಬ್ರಾದಲ್ಲಿ ವಿಮಾನ ನಿಲ್ದಾಣವೂ ಇದೆ, ವಾಯುಪಡೆಯ ತರಬೇತಿ ಶಾಲೆಯೂ ಇದೆ. ಗೋಳಗುಮ್ಮಟದ ಮೇಲೊಂದು ಸುತ್ತು ಹಾಕಿಸುವ ಆಸೆ ಎಲ್ಲರಿಗೂ ಬರುತ್ತದೆ, ಅಕ್ಕನ ಮಗನಿಗೂ ಬಂದಿತ್ತು. ಬೇಡ ಅಂದೆ. ಕೆಳಗೆ ಜನ ಇರುತ್ತಾರೆ. ಒಂದು ಕಿಲೋ ವಿಮಾನ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಬಂದರೆ, ಅದರ ಹೊಡೆತ ಗಂಟೆಗೆ 135 ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡಿನ ಹೊಡೆತಕ್ಕೆ ಸಮ. ಹೆಲ್ಮೆಟ್ ಇಲ್ಲದ ತಲೆಗೆ ಅದು ಬಡಿದರೆ? ದ್ರಾಕ್ಷಿ ಪಡದ ತಂತಿ, ಕಬ್ಬಿನ ಗದ್ದೆ, ಕರೆಂಟಿನ ಲೈನು ಇವುಗಳಿಂದಲೂ ದೂರ ಇರಿ. ಕರೆಂಟಿನ ತಂತಿಗೆ ಸಿಕ್ಕ ವಿಮಾನವನ್ನು ಕೋಲಿನಿಂದ ಬಿಡಿಸಲು ಹೋಗಬೇಡಿ. ಹೋದರೆ ಹೋಯಿತು, ಬೇರೆ ಕಟ್ಟೋಣ.

ದೂರವೂ ಮೋಸ ಮಾಡುತ್ತದೆ. ನಮ್ಮ ವಿಮಾನದ ರೆಕ್ಕೆ 1.2 ಮೀಟರ್ ಉದ್ದ. 130 ಮೀಟರ್ ದೂರ ಹೋದರೆ ಅದು ಹುಣ್ಣಿಮೆ ಚಂದ್ರನಷ್ಟೇ ಅಗಲ ಕಾಣುತ್ತದೆ, ಅದರ ಎರಡರಷ್ಟು ಹೋದರೆ ಅರ್ಧ. ಆಗ ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ. ರೆಕ್ಕೆಯ ಕೆಳಗೆ ಕಪ್ಪು ಪಟ್ಟಿ, ಮೇಲೆ ಕೆಂಪು ಬಣ್ಣ ಹಚ್ಚಿದ್ದು ಅದಕ್ಕೇ. ನಮ್ಮ ಕಡೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಹುಡುಗನಿಗೆ ನಾನು ಹೇಳಿಕೊಟ್ಟ ಉಪಾಯ ಇಷ್ಟೇ: ಯಾವ ರೆಕ್ಕೆ ಕೆಳಗೆ ಬಾಗಿ ಕಾಣುತ್ತದೋ ಅದೇ ಕಡೆಗೆ ಕಡ್ಡಿ ತಳ್ಳು, ಬೀಳುವ ಗೋಡೆಗೆ ಆನಿಕೆ ಕೊಟ್ಟ ಹಾಗೆ.

ಹೋದ ಭಾನುವಾರ ಅವನೇ ಇಳಿಸಿದ. ಎರಿ ಹೊಲದ ಬಿರುಕಿನಲ್ಲಿ ಗಾಲಿ ಸಿಕ್ಕಿಕೊಳ್ಳುತ್ತದೆ ಅಂತ ಗಾಲಿ ಬಿಚ್ಚಿಟ್ಟು ಮತ್ತೊಮ್ಮೆ ತೂಕ ನೋಡಿದ್ದೆವು. ನಾನು ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಓಡಿ ನೆಲಕ್ಕೆ ಸಮವಾಗಿ ಎಸೆದೆ, ಮೇಲಕ್ಕೆ ಎಸೆದರೆ ಅಲ್ಲೇ ಸ್ಟಾಲ್ ಆಗುತ್ತದೆ. ಆರು ನಿಮಿಷಕ್ಕೆ ಟೈಮರ್ ಕೂಗಿತು. ಗಾಳಿಯ ಜೊತೆ ಬರುವಾಗ ನೆಲದ ಮೇಲೆ ವೇಗ ಜಾಸ್ತಿ ಕಂಡಿತು, ಅವನ ಹೆಬ್ಬೆರಳು ಥ್ರಾಟಲ್, ಅಂದರೆ ಮೋಟಾರಿನ ವೇಗದ ಕಡ್ಡಿ, ಇಳಿಸಲು ಹೊರಟಿತು. "ಬ್ಯಾಡ, ಹಂಗ ಬಿಡು" ಅಂದೆ. ರೆಕ್ಕೆಗೆ ನೆಲದ ವೇಗದ ಹಂಗಿಲ್ಲ, ಗಾಳಿಯ ವೇಗ ಮಾತ್ರ ಬೇಕು. ತಿರುಗಿ ಗಾಳಿಗೆ ಎದುರಾದ ಮೇಲೆ ಇಳಿಸಿದ. ಮೊಣಕಾಲೆತ್ತರದಲ್ಲಿ ಮೋಟಾರು ನಿಲ್ಲಿಸಿ, ಕಡ್ಡಿಯನ್ನು ನಿಧಾನ ಎಳೆದ. ವಿಮಾನ ಸರ್ರನೆ ಜಾರಿ ನಿಂತಿತು.

ಓಡಿಹೋಗಿ ಮೊದಲು ಬ್ಯಾಟರಿ ಬಿಚ್ಚಿದ, ಬಂದು ರಿಮೋಟ್ ಆಫ್ ಮಾಡಿದ. ಮೀಟರ್ ಇಟ್ಟು ನೋಡಿದರೆ ಮೂರೂ ಸೆಲ್ 3.7ರ ಮೇಲಿದ್ದವು.

"ಮಾಮಾ, ಇನ್ನೊಂದು ಬ್ಯಾಟರಿ ಅದಲ್ಲ, ಹಾಕ್ಲೇನು?"

ವಿಮಾನ ತಿರುಗಿಸಿ ನೋಡಿದೆವು. ಜೋಳದ ಕೂಳೆ ಬಡಿದು ಎಲಿವೇಟರಿನ ಕೀಲು ಒಂದು ಬದಿಗೆ ಹರಿದಿತ್ತು, ಅರ್ಧ ಇಂಚಿನಷ್ಟು. ಅವನೇ ಬೆರಳಿನಿಂದ ಅಲ್ಲಾಡಿಸಿ ನೋಡಿ, ಏನೂ ಮಾತಾಡದೆ ರೆಕ್ಕೆಯ ಸ್ಕ್ರೂ ಬಿಚ್ಚತೊಡಗಿದ.